ಆರು ದಿನದ ಸಹಿ

ಹಿರಿಯರ ಹಬ್ಬದ ದಿನ ದೊಡ್ಡಮುನಿಯಮ್ಮನ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎಡೆಗೆ ಅಡಿಗೆ ಮಾಡುವ ಹೆಂಗಸು ತಲೆಗೆ ನೀರು ಹಾಕಿಕೊಂಡು ಒಲೆ ಹೊತ್ತಿಸಿದ ಮೇಲೆ, ಎಡೆ ಎತ್ತುವ ತನಕ ಹೊಸಿಲು ದಾಟುವಂತಿಲ್ಲ. ದಾಟಿದರೆ ಎಲೆಯ ಮುಂದೆ ಕೂತ ಹಿರಿಯರು ಉಣ್ಣದೆ ಎದ್ದು ಹೋಗುತ್ತಾರೆ, ಮತ್ತೆ ಒಂದು ವರ್ಷ ಆ ಮನೆಯ ಕಡೆ ತಲೆ ಹಾಕುವುದಿಲ್ಲ. ಟೇಕಲ್‌ನಲ್ಲಿ ಬೇರೆ ಯಾರ ಮನೆಯಲ್ಲೂ ಇಷ್ಟು ಬಿಗಿ ಇರಲಿಲ್ಲ. ಆದರೆ ಬೇರೆಯವರ ಮನೆ ಸುದ್ದಿ ದೊಡ್ಡಮುನಿಯಮ್ಮನಿಗೆ ಬೇಕಿರಲಿಲ್ಲ. ಅವಳ ಅತ್ತೆ ಹಾಗೆ ಮಾಡಿಸಿದ್ದಳು, ಇವಳೂ ಹಾಗೇ ಮಾಡಿಸುತ್ತಿದ್ದಳು.

ಸೊಸೆ ಪದ್ಮಶ್ರೀ ಅದಕ್ಕೆಂದೇ ಆ ಗುರುವಾರ ಕಂಪನಿಗೆ ರಜಾ ಹಾಕಿದ್ದಳು. ಮಾಲೂರಿನಲ್ಲಿ ಕಾರಿನ ಬಾಗಿಲಿಗೆ ಬೇಕಾದ ತಗಡಿನ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತುವ ಕಾರ್ಖಾನೆ ಅದು. ಶ್ರೀನಿವಾಸಪುರದ ಹುಡುಗಿ, ಕೋಲಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಮದುವೆಯಾದ ಮೇಲೆ ಕೆಲಸಕ್ಕೆ ಸೇರಿದವಳು, ಈಗ ಹದಿನಾಲ್ಕು ಹೆಂಗಸರ ಒಂದು ಲೈನಿಗೆ ಇನ್‌ಚಾರ್ಜ್. ಅವರಲ್ಲಿ ಒಂಬತ್ತು ಜನ ಟೇಕಲ್‌ನವರೇ, ಪದ್ಮಶ್ರೀ ಹೇಳಿ ಸೇರಿಸಿದವರು. ಅವರನ್ನು ದಿನಾ ಕರೆದೊಯ್ದು ಕರೆತರುವ ಟೆಂಪೊ ಅವಳ ಗಂಡ ವೇಣುಗೋಪಾಲನದು. ಹೀಗಾಗಿ ಕಂಪನಿ ಅಂದರೆ ಆ ಮನೆಯಲ್ಲಿ ಎರಡು ಒಲೆಗೆ ಸೌದೆ ಇದ್ದ ಹಾಗೆ.

ಹಿಂದಿನ ಬೀದಿಯ ಮುನಿಗಂಗಮ್ಮ ಬೆಳಿಗ್ಗೆ ಏಳಕ್ಕೇ ಬಂದು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಅವಳ ಮಗಳು ಗಂಗಾಲಕ್ಷ್ಮಿಯೂ ಪದ್ಮಶ್ರೀಯ ಲೈನಿನವಳೇ, ಇಪ್ಪತ್ತೆರಡು ವರ್ಷದವಳು, ಅವತ್ತು ಕೆಲಸಕ್ಕೆ ಹೋಗಿದ್ದಳು. ಕೋಳಿ ಸಾರು ಕುದಿಯುತ್ತಿತ್ತು, ವಡೆಗೆ ಎಣ್ಣೆ ಕಾಯುತ್ತಿತ್ತು. ಹನ್ನೊಂದೂವರೆಗೆ ಪದ್ಮಶ್ರೀಯ ಫೋನು ಬಡಿದುಕೊಂಡಿತು. ಲೈನಿನ ಹಿರಿಯ ಕೆಲಸಗಾರ್ತಿ ಭಾರತಮ್ಮ.

"ಮೇಡಂ, ಗಂಗಾಲಕ್ಷ್ಮಿ ಕೈ ಪ್ರೆಸ್ಸಿಗೆ ಸಿಕ್ಕಿಬಿಡ್ತು. ಬಲಗೈ. ಎರಡು ಬೆರಳು ಹೋಯ್ತು ಮೇಡಂ. ಕೋಲಾರಕ್ಕೆ ಕರ್ಕೊಂಡ್ ಹೋಗ್ತಾವ್ರೆ."

ಪದ್ಮಶ್ರೀ ವಡೆ ತೆಗೆಯುವ ಜಾಲರಿ ಸೌಟು ಕೈಯಲ್ಲೇ ಹಿಡಿದು ನಿಂತಳು. ಎದುರಿಗೆ ಮುನಿಗಂಗಮ್ಮ ತಲೆ ಎತ್ತಿ, "ಯಾರಮ್ಮಾ ಫೋನು? ನಮ್ ಗಂಗಾನಾ?" ಎಂದಳು. ಹೇಳದೆ ವಿಧಿಯಿರಲಿಲ್ಲ. ಹೇಳಿದ ಕೂಡಲೆ ಮುನಿಗಂಗಮ್ಮ, "ಅಯ್ಯೋ, ನೇನೇಮಿ ಚೇಸೇದಿ, ಏನ್ ಮಾಡ್ಲಿ ನಾನು" ಎಂದು ತೆಲುಗು ಕನ್ನಡ ಎರಡರಲ್ಲೂ ಎದೆ ಬಡಿದುಕೊಂಡಳು. ವೇಣುಗೋಪಾಲ ಓಡಿ ಬಂದು ಅವಳನ್ನು ಟೆಂಪೊ ಹತ್ತಿಸಿದ. ಪದ್ಮಶ್ರೀ ಚಪ್ಪಲಿಗೆ ಕಾಲು ಚಾಚಿದಳು.

"ಎಡೆ ಎತ್ತಿಲ್ಲ ಕಣೇ," ಎಂದಳು ದೊಡ್ಡಮುನಿಯಮ್ಮ. ಗದರಿಸಲಿಲ್ಲ, ಅಂಗಲಾಚಿದ ಹಾಗೆ ಹೇಳಿದಳು. "ಒಂದ್ ಗಂಟೆ. ಎತ್ತಿಬಿಡು, ಆಮೇಲೆ ಹೋಗು."

ಪದ್ಮಶ್ರೀ ಒಳಗೇ ನಿಂತಳು. ಎಡೆ ಎತ್ತುವ ಹೊತ್ತಿಗೆ ಒಂದು ಗಂಟೆ ಅಲ್ಲ, ಒಂದೂ ಮುಕ್ಕಾಲು ಗಂಟೆ ಆಯಿತು. ಆ ಒಂದೂ ಮುಕ್ಕಾಲು ಗಂಟೆಯನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ ದೇವರಿಗೇ ಗೊತ್ತು.

ಈಗ ಆ ಪ್ರೆಸ್ಸಿನ ವಿಷಯ ಹೇಳಬೇಕು. ಅದಕ್ಕೆ ಎರಡು ಬಟನ್. ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರುವುದಿಲ್ಲ, ಅಷ್ಟೇ ಉಪಾಯ. ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಒತ್ತಿ ಕಟ್ಟಿಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಆ ಕೈಯಲ್ಲಿ ತಗಡು ಇಟ್ಟು ತೆಗೆದು ಮಾಡಬಹುದು, ಗಂಟೆಗೆ ಐವತ್ತು ಪೀಸು ಜಾಸ್ತಿ ಬೀಳುತ್ತದೆ. ಬೇಸಿಗೆಯಲ್ಲಿ ಟಾರ್ಗೆಟ್ ಏರಿಸಿದ ಮೇಲೆ ಲೈನಿಗೆ ಸೈಕಲ್ ಟ್ಯೂಬು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ದಿನಾ ಬೆಳಿಗ್ಗೆ ಆರಕ್ಕೆ ಇನ್‌ಚಾರ್ಜ್ ಪ್ರತಿ ಪ್ರೆಸ್ಸಿನಲ್ಲೂ ಒಂದೇ ಬಟನ್ ಒತ್ತಿ ನೋಡಬೇಕು. ಅಚ್ಚು ಇಳಿಯದಿದ್ದರೆ ಸರಿಯಾಗಿದೆ ಎಂದು ಹಾಳೆಯಲ್ಲಿ ಆ ದಿನದ ಚೌಕದಲ್ಲಿ ಸಹಿ ಹಾಕಬೇಕು. ವಾರಕ್ಕೆ ಒಂದು ಹಾಳೆ, ಹಾಳೆಗೆ ಆರು ಚೌಕ. "ದಿನಾ ಪೇಪರ್ ಹಿಡ್ಕೊಂಡು ಓಡಾಡೋದ್ಯಾಕೆ, ಸೋಮವಾರಾನೇ ಹಾಕಿಬಿಡ್ರೀ" ಎಂದು ಎರಡು ವರ್ಷದ ಹಿಂದೆ ಮ್ಯಾನೇಜರ್ ಚಂದ್ರಮೋಹನ್ ನಗುತ್ತಾ ಹೇಳಿದ್ದರು. ಅವತ್ತಿನಿಂದ ಎಲ್ಲ ಲೈನಿನವರೂ ಸೋಮವಾರ ಟೀ ಹೊತ್ತಿಗೆ ಆರು ದಿನದ ಸಹಿ ಒಟ್ಟಿಗೆ ಹಾಕುತ್ತಿದ್ದರು. ಪದ್ಮಶ್ರೀಯೂ ಹಾಕುತ್ತಿದ್ದಳು. ಆ ಗುರುವಾರದ ಚೌಕದಲ್ಲಿ, ಅವಳು ಟೇಕಲ್‌ನಲ್ಲಿ ವಡೆ ಕರಿಯುತ್ತಿದ್ದ ಹೊತ್ತಿನಲ್ಲಿ, ಪ್ರೆಸ್ಸು ಸರಿಯಾಗಿದೆ ಎಂದು ಅವಳ ಸಹಿ ಇತ್ತು.

ಮುಂದಿನ ವಾರ ಮನೆಯಲ್ಲಿ ಯಾರ ಊಟವೂ ನೆಟ್ಟಗಾಗಲಿಲ್ಲ. ಮಾವ ದೊಡ್ಡಮುನಿಯಪ್ಪ ಡೈರಿಗೆ ಹಾಲು ಹಾಕಿ ಬಂದವರು ದಿನಕ್ಕೊಂದು ಸುದ್ದಿ ತರುತ್ತಿದ್ದರು.

"ಕಂಪನಿಯೋರು ಆ ಹುಡುಗೀನೇ ಬಟನ್ನಿಗೆ ಟ್ಯೂಬ್ ಕಟ್ಕೊಂಡಿದ್ದು ಅಂತಾವ್ರಂತೆ," ಎಂದರು ಒಂದು ದಿನ, ಮುದ್ದೆ ಮುರಿಯುತ್ತಾ. "ತಪ್ಪು ಅವಳ್ದೇ ಅಂತ ಆದ್ರೆ ಕೆಲ್ಸನೂ ಹೋಯ್ತು, ಕಂಪನಿ ಕಡೆಯಿಂದ ಏನೂ ಬರಲ್ವಂತೆ."

"ಅವಳೇ ತಾನೆ ಕಟ್ಕೊಂಡಿದ್ದು?" ಎಂದ ವೇಣುಗೋಪಾಲ.

"ಎಲ್ಲಾರೂ ಕಟ್ಕೋತಾರೆ ರೀ," ಎಂದಳು ಪದ್ಮಶ್ರೀ.

"ಎಲ್ಲಾರ್ ಬೆರಳೂ ಹೋಗಿಲ್ವಲ್ಲ. ನೀನು ಸುಮ್ನೆ ಇದ್ದುಬಿಡು. ನಿನ್ ಹೆಸರು ಎಲ್ಲೂ ಬಂದಿಲ್ಲ."

"ಬಂದಿದೆ. ಹಾಳೇಲಿ ಇದೆ."

ಒಂಬತ್ತನೇ ಕ್ಲಾಸಿನ ಮಗಳು ನಂದಿತಾ ತಟ್ಟೆಯಿಂದ ತಲೆ ಎತ್ತಿ, "ಅಮ್ಮ, ನೀನು ನೋಡ್ದೇ ಸೈನ್ ಹಾಕಿದ್ದಾ? ನಾವು ಲೆಕ್ಕ ಮಾಡ್ದೇ ಉತ್ತರ ಬರೆದ್ರೆ ಕಾಪಿ ಅಂತಾರೆ," ಎಂದಳು. ಅಪ್ಪ ಕಣ್ಣು ಬಿಟ್ಟ. ಪದ್ಮಶ್ರೀ ಮಗಳ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

ಅವಳಿಗೆ ಇನ್ನೂ ಒಂದು ಭಯವಿತ್ತು, ಅದನ್ನು ಮನೆಯವರ ಮುಂದೆ ಆಡಿರಲಿಲ್ಲ. ಭಾನುವಾರ ಕೋಲಾರದ ಆಸ್ಪತ್ರೆಗೆ ಗಂಗಾಲಕ್ಷ್ಮಿಯನ್ನು ನೋಡಲು ಹೊರಟಾಗ, ವಕ್ಕಲೇರಿ ದಾಟಿದ ಮೇಲೆ ಗಂಡನಿಗೆ ಹೇಳಿದಳು.

"ಬುಧವಾರ ನಾನು ನೋಡಿದ್ದೆ ರೀ. ಅವಳ ಪ್ರೆಸ್ಸಲ್ಲಿ ಟ್ಯೂಬ್ ಕಟ್ಟಿತ್ತು. ನಾನೂರು ಪೀಸು ಕಮ್ಮಿ ಇತ್ತು ಅವತ್ತು. ನೋಡಿ ಆ ಕಡೆ ಹೋಗಿಬಿಟ್ಟೆ."

ವೇಣುಗೋಪಾಲ ಟೆಂಪೊ ನಿಧಾನ ಮಾಡಿದ. "ಅವಳು ನೋಡಿದ್ಲಾ ನೀನು ನೋಡಿದ್ದು?"

"ಇಲ್ಲ."

"ಇನ್ಯಾರಾದ್ರೂ?"

"ಇಲ್ಲ."

"ಹಂಗಾದ್ರೆ ನೀನೂ ನೋಡಿಲ್ಲ. ಆಯ್ತು, ಮುಗೀತು." ಅವನು ಮತ್ತೆ ಗೇರು ಬದಲಿಸಿದ. ಅವನೇನೂ ಕೆಟ್ಟವನಲ್ಲ. ಹೆಂಡತಿ ಕೆಲಸ ಕಳೆದುಕೊಂಡರೆ ಟೆಂಪೊ ಕಂಟ್ರಾಕ್ಟೂ ಹೋಗುತ್ತದೆ, ಮಗಳ ಓದು ಅರ್ಧಕ್ಕೆ ನಿಲ್ಲುತ್ತದೆ ಎಂದು ಹೆದರಿದ್ದ, ಹೆದರಿಕೆಯಲ್ಲಿ ಅವನ ಬಾಯಿ ಹೀಗೆ ಗಟ್ಟಿಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ಗಂಗಾಲಕ್ಷ್ಮಿ ಬಲಗೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಳು. ಪದ್ಮಶ್ರೀಯನ್ನು ಕಂಡು, "ಅಕ್ಕ, ಬಂದ್ರಾ" ಎಂದು ಎದ್ದು ಕೂತಳು. "ನಂದೇ ತಪ್ಪು ಅಂತ ಎಲ್ಲಾರೂ ಅಂತಾವ್ರೆ ಅಕ್ಕ. ನೀವಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ." ಪದ್ಮಶ್ರೀ ಎಳನೀರು ಸುರಿದು ಕೊಟ್ಟಳು. ಏನೋ ಹೇಳಬೇಕೆಂದು ಬಾಯಿ ತೆರೆದವಳು, ಔಷಧಿ ಸರಿಯಾಗಿ ಕೊಡ್ತಾರಾ ಎಂದು ಕೇಳಿ ಎದ್ದು ಬಂದಳು.

ಎರಡನೇ ವಾರ ಚಂದ್ರಮೋಹನ್ ತಾವೇ ಮನೆಗೆ ಬಂದರು. ಮುಳಬಾಗಿಲಿನ ಕಡೆಯವರು, ಮೃದು ಮಾತಿನವರು. ಸೇಬು, ಮೋಸಂಬಿ ತಂದಿದ್ದರು. ದೊಡ್ಡಮುನಿಯಮ್ಮ ಕುರ್ಚಿ ಒರೆಸಿ ಹಾಕಿದಳು, ಕಾಫಿ ಕೊಟ್ಟಳು. ದೊಡ್ಡ ಸಾಹೇಬರು ತಮ್ಮ ಮನೆಗೆ ಬಂದದ್ದು ಬೀದಿಯವರು ನೋಡಿದರೋ ಇಲ್ಲವೋ ಎಂದು ಬಾಗಿಲ ಕಡೆಗೊಮ್ಮೆ ಇಣುಕಿದಳು.

"ಮುಂದಿನ ವಾರ ಕಾರ್ಖಾನೆ ಇಲಾಖೆಯಿಂದ ವಿಚಾರಣೆಗೆ ಅಧಿಕಾರಿ ಬರ್ತಾರೆ ಪದ್ಮಶ್ರೀ," ಎಂದರು ಚಂದ್ರಮೋಹನ್. "ಹಾಳೇಲಿ ನಿಮ್ಮ ಸಹಿ ಇದೆ, ಹಾಜರಿಯಲ್ಲಿ ನೀವಿಲ್ಲ. ಇದೊಂದೇ ತೊಡಕು. ಒಂದು ಪತ್ರ ಬರೆಸಿ ತಂದಿದೀನಿ. ಓದಿ ಸೈನ್ ಹಾಕಿ. ನಿಮ್ಮ ಮೇಲೆ ಒಂದು ಮಾತು ಬರದ ಹಾಗೆ ನೋಡ್ಕೋತೀನಿ. ಬಟನ್ನಿಗೂ ಟ್ಯೂಬ್ ಕಟ್ಟಕ್ಕಾಗದ ಹಾಗೆ ಹೊಸ ಬಾಕ್ಸ್ ಹಾಕಿಸ್ತೀನಿ, ಅದು ನನ್ನ ಮಾತು."

"ಗಂಗಾಲಕ್ಷ್ಮಿ ಗತಿ ಸಾರ್?"

"ಮಾನವೀಯತೆ ಮೇಲೆ ಏನಾದ್ರೂ ಮಾಡೋಣ. ಆದ್ರೆ ತಪ್ಪು ಕಂಪನೀದು ಅಂತ ಆದ್ರೆ ಕಾರ್ ಕಂಪನಿಯೋರು ಆರ್ಡರ್ ಕಿತ್ಕೋತಾರೆ. ಇನ್ನೂರು ಮನೆ ಅನ್ನ ಇದೆ ಇದರಲ್ಲಿ." ಆಮೇಲೆ ದೊಡ್ಡಮುನಿಯಮ್ಮನ ಕಡೆ ತಿರುಗಿ, "ಅಮ್ಮಾ, ಯಾರಾದ್ರೂ ಬಂದು ಕೇಳಿದ್ರೆ ನೀವೂ ಈ ಪತ್ರದಲ್ಲಿ ಇರೋ ಹಾಗೇ ಹೇಳಿ, ಸಾಕು," ಎಂದರು.

"ಆಯ್ತು ಸ್ವಾಮಿ, ಹೇಳ್ತೀನಿ. ಅದಕ್ಕೇನಂತೆ," ಎಂದಳು ದೊಡ್ಡಮುನಿಯಮ್ಮ, ಪತ್ರದಲ್ಲಿ ಏನಿದೆ ಎಂದು ಕೇಳದೆಯೇ.

ಅವರು ಹೋದ ಮೇಲೆ ಮೂರು ದಿನ ಆ ಪತ್ರ ದೇವರ ಮಾಡದಲ್ಲೇ ಇತ್ತು. ಮನೆಯಲ್ಲಿ ಎಲ್ಲರದೂ ಒಂದೇ ರಾಗ. "ಹಾಕಿಬಿಡು ಪದ್ಮಾ" ಎಂದ ಗಂಡ. "ದೊಡ್ಡೋರು ಮನೆಗಂಟ ಬಂದು ಕೇಳವ್ರೆ" ಎಂದರು ಮಾವ. ಅತ್ತೆಯಂತೂ ಪಾತ್ರೆ ಉಜ್ಜುವಾಗ, ರಾಗಿ ಕೇರುವಾಗ, ಹೊತ್ತು ಗೊತ್ತಿಲ್ಲದೆ ಅದನ್ನೇ ಜಪಿಸಿದಳು. "ಒಂದು ಸೈನು ಹಾಕಕ್ಕೆ ಏನ್ ದಾಡಿ ನಿಂಗೆ? ಸೋಮವಾರ ಸೋಮವಾರ ಆರಾರು ಹಾಕ್ತಿದ್ಯಂತಲ್ಲ!"

ಈ ಮಾತು ಪದ್ಮಶ್ರೀಗೆ ಚುರುಕ್ಕೆಂದಿತು. ಅತ್ತೆ ಹೇಳಿದ್ದು ನಿಜವೇ. ಮುನಿಗಂಗಮ್ಮ ಬೀದಿಯಲ್ಲಿ ಎದುರಾದಾಗಲೆಲ್ಲ ಅವಳು ತಲೆ ತಗ್ಗಿಸಿ ಹೋಗುತ್ತಿದ್ದಳು. ಟೆಂಪೊದಲ್ಲಿ ಹೆಂಗಸರು ಅವಳು ಹತ್ತಿದ ಕೂಡಲೆ ಮಾತು ನಿಲ್ಲಿಸುತ್ತಿದ್ದರು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಹಸಿವಿಲ್ಲ. ಶುಕ್ರವಾರ ಸಂಜೆ ಸೋತು ಹೋಗಿ, ಹಾಕಿಬಿಡುತ್ತೇನೆ ಎಂದು ಪತ್ರ ತೆಗೆದುಕೊಂಡು ಪೆನ್ನು ಹುಡುಕಿದಳು.

"ಏನ್ ಬರ್ದವ್ರೆ, ಒಂದ್ ಸಲ ಓದು ಪುಟ್ಟಿ," ಎಂದರು ದೊಡ್ಡಮುನಿಯಪ್ಪ ಮೊಮ್ಮಗಳಿಗೆ. "ನಿಮ್ಮಜ್ಜಿನೂ ಹೇಳಬೇಕಂತಲ್ಲ."

ನಂದಿತಾ ಶಾಲೆಯ ಪಾಠದಂತೆ ಗಟ್ಟಿಯಾಗಿ ಓದಿದಳು. "ಗುರುವಾರ ಬೆಳಿಗ್ಗೆ ಐದು ಗಂಟೆಗೆ ಮನೆಯಿಂದ ಹೊರಟು ಕಾರ್ಖಾನೆಗೆ ಬಂದು, ಎಲ್ಲ ಪ್ರೆಸ್ಸುಗಳನ್ನು ಖುದ್ದಾಗಿ ಪರೀಕ್ಷಿಸಿ ಸಹಿ ಮಾಡಿರುತ್ತೇನೆ. ನಂತರ ಮನೆಯಲ್ಲಿ ಹಬ್ಬವಿದ್ದ ಕಾರಣ ಅನುಮತಿ ಪಡೆದು ಎಂಟು ಗಂಟೆಗೆ ಮನೆಗೆ ಹಿಂದಿರುಗಿರುತ್ತೇನೆ."

ದೊಡ್ಡಮುನಿಯಮ್ಮ ಮೊರ ಕೆಳಗಿಟ್ಟಳು. "ಯಾವ ಗುರುವಾರ?"

"ಅದೇ ಅಜ್ಜಿ. ಎಡೆ ಇಟ್ಟ ದಿನ."

"ನಾಲ್ಕು ಗಂಟೆಗೆ ಒಲೆ ಹಚ್ಚಿದೋಳು ಐದಕ್ಕೆ ಎಲ್ಲಿಗೋದ್ಲು?"

"ಪೇಪರಲ್ಲಿ ಹೋದ್ಲು ಕಣಮ್ಮ," ಎಂದ ವೇಣುಗೋಪಾಲ. "ನಿಜವಾಗ್ಲೂ ಅಲ್ಲ."

"ನಾನು ಹಂಗೇ ಹೇಳ್ಬೇಕಾ? ನನ್ ಸೊಸೆ ಒಲೆ ಹಚ್ಚಿ, ಹೊಸಿಲು ದಾಟಿ, ಮಾಲೂರಿಗೆ ಹೋಗಿ ಬಂದು ಎಡೆ ಇಟ್ಲು ಅಂತ? ನಮ್ಮತ್ತೆ ಮಾವ ಉಪವಾಸ ಎದ್ದೋದ್ರು ಅಂತ?"

"ಅಮ್ಮಾ, ಸತ್ತೋರು ಬಂದು ಪತ್ರ ಓದ್ತಾರಾ?"

"ಬದುಕಿರೋಳು ನಾನು ಹೇಳ್ಬೇಕಲ್ಲೋ! ಅವತ್ತು ಆ ಮುನಿಗಂಗಿ ಎದೆ ಬಡ್ಕೊಂಡು ಹೋಗ್ತಿದ್ರೆ, ನಿನ್ ಹೆಂಡ್ತಿ ಹೋಗ್ತೀನಿ ಅಂತ ಚಪ್ಪಲಿ ಮೆಟ್ಟಿದ್ರೆ, ನಾನು ತಡೆದೆ. ಪಾಪ ಕಟ್ಕೊಂಡೆ. ಈಗ ಅವಳು ಮನೇಲೇ ಇರ್ಲಿಲ್ಲ ಅಂದ್ರೆ ನಾನು ತಡೆದಿದ್ದು ಯಾರ್ನ?" ಅವಳು ಮೊರ ಆಚೆ ತಳ್ಳಿದಳು. "ಹಂಗಾರೆ ಆ ಪಾಪಕ್ಕೆ ಅರ್ಥನೇ ಇಲ್ವಲ್ಲ. ನಾನು ಹೇಳಲ್ಲ. ಇನ್ನೇನಾದ್ರೂ ಬರ್ಕೊಂಡು ಬರಕ್ಕೆ ಹೇಳು ಆ ಸಾಹೇಬ್ರಿಗೆ."

ಗಂಡ ತಲೆ ಚಚ್ಚಿಕೊಂಡ. ಮಾವ ಬೀಡಿ ಹುಡುಕಿಕೊಂಡು ಹೊರಗೆ ಹೋದರು. ಪದ್ಮಶ್ರೀಗೆ ನಗು ಬಂತು, ಅಳುವೂ ಬಂತು. ಬೇರೆ ಏನಾದರೂ ಬರೆದು ತರಬಹುದು ಎಂದು ಅವಳಿಗೆ ಗೊತ್ತಿತ್ತು, ಚಂದ್ರಮೋಹನ್‌ಗೆ ಅದೇನೂ ಕಷ್ಟವಲ್ಲ. ಆದರೆ ಓದು ಬರಹ ಬಾರದ ಅತ್ತೆಗೆ ಇದ್ದ ಹಟ, ಲೈನಿನ ಇನ್‌ಚಾರ್ಜ್ ಎನಿಸಿಕೊಂಡ ತನಗೆ ಇಲ್ಲದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಪೆನ್ನನ್ನು ಮಗಳ ಕೈಗೆ ಕೊಟ್ಟು ಮುದ್ದೆಗೆ ಎಸರಿಡಲು ಹೋದಳು.

ಮೂರನೇ ವಾರ ಇಲಾಖೆಯ ಅಧಿಕಾರಿ ಕಾರ್ಖಾನೆಗೆ ಬಂದರು. ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಚಂದ್ರಮೋಹನ್ ಪಕ್ಕದಲ್ಲಿ ಕೂತಿದ್ದರು, ಗಂಗಾಲಕ್ಷ್ಮಿಯ ಕಡೆಯಿಂದ ಭಾರತಮ್ಮನನ್ನು ಕರೆಸಿದ್ದರು. ಮೇಜಿನ ಮೇಲೆ ಆ ಹಾಳೆ ಇತ್ತು.

"ಗುರುವಾರದ ಸಹಿ ನಿಮ್ಮದಾ?"

"ನನ್ನದೇ ಮೇಡಂ. ಸೋಮವಾರ ಹಾಕಿದ್ದು. ಆರು ದಿನದ್ದೂ ಸೋಮವಾರಾನೇ ಹಾಕ್ತೀವಿ. ಗುರುವಾರ ನಾನು ಮನೇಲಿದ್ದೆ."

ಚಂದ್ರಮೋಹನ್ ಕೆಮ್ಮಿದರು. ಅಧಿಕಾರಿ ಅವರ ಕಡೆ ನೋಡಲಿಲ್ಲ. "ಬಟನ್ ಕಟ್ಟಿದ್ದು ಯಾರು?"

"ಕಟ್ಟಿದ್ದು ಗಂಗಾಲಕ್ಷ್ಮಿ. ಟಾರ್ಗೆಟ್ ಏರಿದ ಮೇಲೆ ಎಲ್ಲರೂ ಕಟ್ತಾರೆ." ಅಲ್ಲಿಗೆ ಪದ್ಮಶ್ರೀಯನ್ನು ಕೇಳಿದ ಪ್ರಶ್ನೆಗಳು ಮುಗಿದಿದ್ದವು. ಎದ್ದು ಹೋಗಬಹುದಿತ್ತು. "ಬುಧವಾರ ಅವಳು ಕಟ್ಟಿರೋದನ್ನ ನಾನು ನೋಡಿದ್ದೆ ಮೇಡಂ. ಪೀಸು ಕಮ್ಮಿ ಇತ್ತು. ನೋಡಿ ಸುಮ್ಮನೆ ಹೋದೆ. ಲೈನು ನಂದು. ಅದನ್ನೂ ಬರ್ಕೊಳ್ಳಿ."

ಭಾರತಮ್ಮ ತಟ್ಟನೆ ತಲೆ ಎತ್ತಿ ಅವಳನ್ನು ನೋಡಿದಳು. ಹೊರಗೆ ಬಂದ ಮೇಲೆ ಚಂದ್ರಮೋಹನ್ ಹಲ್ಲು ಕಚ್ಚಿ, "ಬುಧವಾರದ್ದು ನಿಮ್ಮನ್ನ ಯಾರ್ರೀ ಕೇಳಿದ್ರು?" ಎಂದರು.

"ಯಾರೂ ಕೇಳ್ಲಿಲ್ಲ ಸಾರ್," ಎಂದಳು ಪದ್ಮಶ್ರೀ.

ಸಂಜೆಯೇ ಸಸ್ಪೆಂಡ್ ಪತ್ರ ಕೈಗೆ ಬಂತು. ಮುಂದಿನ ತಿಂಗಳಿಂದ ಟೆಂಪೊ ಬೇಡ ಎಂದು ವೇಣುಗೋಪಾಲನಿಗೂ ಹೇಳಿ ಕಳಿಸಿದರು. ಅವನು ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ, ಮೂರನೇ ದಿನ ಶ್ರೀನಿವಾಸಪುರದ ಮಾವಿನ ಮಂಡಿಯವರನ್ನು ಬಾಡಿಗೆ ಕೇಳಿಕೊಂಡು ಬಂದ. "ಸೀಸನ್ ಇಲ್ಲ ಅಂದ್ರು," ಎಂದು ಹೇಳಿ ಊಟಕ್ಕೆ ಕೂತ. ಮಾತಾಡಿದನಲ್ಲ ಎಂದು ಪದ್ಮಶ್ರೀಗೆ ಅಷ್ಟೇ ಸಮಾಧಾನ. ಅಧಿಕಾರಿ ಆ ಪ್ರೆಸ್ಸಿಗೆ ಹಾಕಿಸಿದ್ದ ಸೀಲು ತೆಗೆದು, ಸೋಮವಾರದಿಂದ ಮತ್ತೆ ಓಡಿಸುತ್ತಾರೆ ಎಂಬ ಸುದ್ದಿಯೂ ಬಂತು. ಗಂಗಾಲಕ್ಷ್ಮಿಯ ಕೆಲಸ ತೆಗೆಯುವಂತಿಲ್ಲ, ಅವಳಿಗೆ ಬರಬೇಕಾದ್ದು ಬರಬೇಕು ಎಂದು ಅಧಿಕಾರಿ ಬರೆದಿದ್ದಾರಂತೆ. ಅದನ್ನು ಕೇಳಿದ ದಿನ ಪದ್ಮಶ್ರೀ ಒಂದು ತಿಂಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಗಂಗಾಲಕ್ಷ್ಮಿ ತಾಯಿಯ ಜೊತೆ ಬಂದಳು. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ದೊಡ್ಡಮುನಿಯಮ್ಮ, "ಬಾರವ್ವ, ಕೂತ್ಕೋ," ಎಂದು ತಾನೇ ಕೈ ಹಿಡಿದು ಕೂರಿಸಿದಳು, ಅವಳಿಗೂ ತಟ್ಟೆ ಹಾಕಿದಳು. ಥ್ಯಾಂಕ್ಸ್ ಹೇಳಲು ಬಂದಿದ್ದಾಳೆ ಎಂದುಕೊಂಡಳು ಪದ್ಮಶ್ರೀ, ಏನೂ ಬೇಡ ಕಣೇ ಎಂದು ಹೇಳಲು ಮಾತು ಸಿದ್ಧ ಮಾಡಿಕೊಂಡಳು.

"ಭಾರತಮ್ಮ ಹೇಳಿದ್ಲು," ಎಂದಳು ಗಂಗಾಲಕ್ಷ್ಮಿ. "ಬುಧವಾರ ನೋಡಿದ್ರಾ ಅಕ್ಕ?"

"ನೋಡಿದ್ದೆ."

"ನೀವು ನೋಡಿರಲ್ಲ ಅಂತ ಇದ್ದೆ ನಾನು. ಅಕ್ಕ ನೋಡಿದ್ರೆ ಕಿತ್ತಾಕ್ತಿದ್ರು ಅಂತ ಆಸ್ಪತ್ರೇಲಿ ಬಂದೋರ್ಗೆಲ್ಲ ಹೇಳ್ದೆ. ನನ್ನಮ್ಮಂಗೂ ಹೇಳ್ದೆ."

ಪದ್ಮಶ್ರೀ ನೀರಿನ ಲೋಟ ಅವಳ ಕಡೆ ಸರಿಸಿದಳು.

"ಅಧಿಕಾರಿ ಹತ್ರ ಹೇಳಿದ ಮಾತನ್ನ ಅವತ್ತು ನಂಗೆ ಹೇಳಿದ್ರೆ ಸಾಕಾಗಿತ್ತು. ಒಂದು ಬೈಗುಳ. ನಾನೇನ್ ಬೇಜಾರ್ ಮಾಡ್ಕೊತಿದ್ನಾ?"

"ಇಲ್ಲ. ತಪ್ಪಾಯ್ತು ಗಂಗಾ," ಎಂದಳು ಪದ್ಮಶ್ರೀ.

ದೊಡ್ಡಮುನಿಯಮ್ಮ ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಟ್ಟಳು. ಮುನಿಗಂಗಮ್ಮ ತಿನ್ನಿಸಲು ಬಗ್ಗಿದರೆ ಮಗಳು, "ಬಿಡಮ್ಮ, ನಾನೇ ತಿಂತೀನಿ," ಎಂದಳು. ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟು ಎಡಗೈಯಲ್ಲಿ ಮುದ್ದೆ ಮುರಿದಳು. ಜಾರಿತು. ಇನ್ನೊಮ್ಮೆ ಮುರಿದಳು. ಯಾರ ಮನೆಯ ಮಕ್ಕಳು ಎಡಗೈಯಲ್ಲಿ ಉಂಡರೂ ಗದರುವ ದೊಡ್ಡಮುನಿಯಮ್ಮ ತಟ್ಟೆಯ ಕಡೆ ನೋಡದೆ ಸಾರಿನ ಸೌಟು ಹಿಡಿದು ಕೂತಿದ್ದಳು. ವೇಣುಗೋಪಾಲ ತಲೆ ತಗ್ಗಿಸಿದ್ದ. ಪದ್ಮಶ್ರೀ ಮಾತ್ರ ನೋಡುತ್ತಿದ್ದಳು. ನೋಡಿ ಆ ಕಡೆ ಹೋಗುವುದು ಇನ್ನು ಅವಳಿಂದ ಆಗುತ್ತಿರಲಿಲ್ಲ.

"ನಾಳೆ ನನ್ ಪ್ರೆಸ್ಸಲ್ಲಿ ಯಾರು ಕೂರೋದು?" ಎಂದು ಕೇಳಿದಳು ಗಂಗಾಲಕ್ಷ್ಮಿ, ನುಂಗಿ.

"ಭಾರತಮ್ಮ."

"ಟಾರ್ಗೆಟ್ ಇಳಿಸವ್ರಾ?"

"ಇಲ್ಲ."

"ಹಂಗಾರೆ ಕಟ್ತಾಳೆ. ಹೇಳಿ ಅವಳಿಗೆ."

"ನಾನು ಸಸ್ಪೆಂಡ್ ಆಗಿದೀನಿ ಕಣೇ. ಒಳಗೆ ಬಿಡಲ್ಲ."

"ಫೋನ್ ಇಲ್ವಾ ಅಕ್ಕ?"

ಪದ್ಮಶ್ರೀ ಕೈ ತೊಳೆಯಲೂ ಏಳಲಿಲ್ಲ. ಮುದ್ದೆ ಮೆತ್ತಿದ ಬೆರಳಿನಲ್ಲೇ ಫೋನು ಒತ್ತಿ ಕಿವಿಗೆ ಹಿಡಿದಳು. "ಭಾರತಮ್ಮ, ನಾನು ಪದ್ಮಶ್ರೀ. ಟ್ಯೂಬ್ ಕಟ್ಟಬೇಡ. ನಾಳೆ ಬೆಳಿಗ್ಗೆ ಕೂರೋ ಮುಂಚೆ ಒಂದೇ ಬಟನ್ ಒತ್ತಿ ನೋಡು. ಅಚ್ಚು ಇಳಿದ್ರೆ ಕೂರಬೇಡ. ಯಾರು ಹೇಳಿದ್ರೂ ಕೂರಬೇಡ. ನಾಡಿದ್ದೂ ನೋಡು. ನಾನು ದಿನಾ ಐದೂವರೆಗೆ ಫೋನ್ ಮಾಡ್ತೀನಿ." ಹೀಗೆ ಹೇಳಲು ನಿಮ್ಮನ್ನು ಯಾರಾದರೂ ಕೇಳಿದರಾ ಎಂದಳು ಆ ಕಡೆಯಿಂದ ಭಾರತಮ್ಮ. "ಇಲ್ಲ," ಎಂದಳು ಪದ್ಮಶ್ರೀ. "ನನ್ನನ್ನ ಯಾರೂ ಕೇಳಿಲ್ಲ."